ಮಲ್ಲೇಶಪ್ಪ ಸರ್ ಇನ್ನಿಲ್ಲ

ದಾವಣಗೆರೆಯ ಹೋಟೆಲೊಂದರ ತಣ್ಣನೆಯ ಸಭಾಂಗಣದಲ್ಲಿ, ನೀರು ಸರಬರಾಜಿನ ಕೆಲಸ ನೋಡಿಕೊಳ್ಳುವ ಎಂಜಿನಿಯರುಗಳ ಎದುರು ನಿಂತು ರುದ್ರಾಣಿ ಏರ್ ವಾಲ್ವುಗಳ ಬಗ್ಗೆ ಮಾತಾಡಿದಳು. ಪಂಪು ನಿಂತಾಗ ಪೈಪಿನೊಳಕ್ಕೆ ಗಾಳಿ ಬಿಟ್ಟುಕೊಳ್ಳುವ, ಪಂಪು ಚಾಲೂ ಆದಾಗ ಆ ಗಾಳಿಯನ್ನು ಹೊರಗೆ ದಬ್ಬುವ ಪುಟ್ಟ ಸಾಧನ ಅದು. ಅದು ಕೈಕೊಟ್ಟರೆ ಎಂಥ ಗಟ್ಟಿ ಪೈಪೂ ಸೀಳಿಹೋಗುತ್ತದೆ. ವಾರಗಟ್ಟಲೆ ಕೂತು ತಯಾರು ಮಾಡಿಕೊಂಡಿದ್ದ ಮಾತು. ಲೆಕ್ಕ, ಕೋಷ್ಟಕ, ನಕ್ಷೆ ಎಲ್ಲ ಇತ್ತು. ಮುಗಿಸಿ, ಪ್ರಶ್ನೆಗಳಿದ್ದರೆ ಕೇಳಬಹುದು ಅಂದಳು. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೈಯೆತ್ತಿದರು.

"ಮೇಡಂ, ಊಟ ಎಷ್ಟೊತ್ತಿಗೆ?"

ಇಡೀ ಸಭಾಂಗಣ ನಕ್ಕಿತು. ರುದ್ರಾಣಿಯೂ ನಕ್ಕಳು. ಆ ನಗು ಮುಖದ ಮೇಲಿಂದ ಇಳಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು.

ವಾಪಸು ಬರುವಾಗ ಕಾರಿನಲ್ಲಿ ವಾಲ್ವ್ ಕಾರ್ಖಾನೆಯ ಮಾಲೀಕರಾದ ಪಂಚಾಕ್ಷರಪ್ಪ ಮೆಲ್ಲಗೆ ಶುರು ಮಾಡಿದರು.

"ತಪ್ಪು ತಿಳ್ಕಾಬೇಡ ಕಣವ್ವಾ. ಇನ್ಮೇಲೆ ಜಾಹೀರಾತಿನ ಕೆಲಸ ಬೆಂಗಳೂರಿನವರಿಗೆ ಕೊಡಾನ ಅಂತ ಮಾಡೀನಿ."

"ನಾನು ಹೇಳಿದ್ರಾಗೆ ತಪ್ಪೇನಿತ್ತು ಸರ್?"

"ತಪ್ಪಿರಲಿಲ್ಲ. ಅದನ್ನೇ ಹೇಳಾಕೆ ಹೊಂಟಿದ್ದು. ಒಂದೂ ತಪ್ಪಿರಲಿಲ್ಲ, ಆದ್ರೂ ಯಾರೂ ಕೇಳಲಿಲ್ಲ. ಎಂಜಿನಿಯರಿಗೆ ಎಂಜಿನಿಯರೇ ಹೇಳ್ಬೇಕು. ನೀನು ಹೇಳಿದ್ರೆ ಮಾರಾಕೆ ಬಂದಾಳೆ ಅಂತಾರೆ."

ರುದ್ರಾಣಿ ಕಿಟಕಿಯಾಚೆ ನೋಡುತ್ತ ಅಂದಳು: "ಹಂಗಾದ್ರೆ ಒಬ್ಬ ಎಂಜಿನಿಯರನ್ನ ನಾನೇ ತರ್ತೀನಿ. ಒಂದು ವರ್ಷ ಕೊಡ್ರಿ."

ಅವಳ ವಯಸ್ಸು ಐವತ್ತರ ಹತ್ತಿರ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಹುಡುಗಿಗೆ ಆ ಕಾಲದಲ್ಲಿ ಚನ್ನಗಿರಿಯ ಸುತ್ತಮುತ್ತ ಯಾರೂ ಯಂತ್ರದ ಕೆಲಸ ಕೊಡಲಿಲ್ಲ. ಯಂತ್ರಗಳ ಬಗ್ಗೆ ಬರೆಯುವ ಕೆಲಸ ಸಿಕ್ಕಿತು. ಪಂಪು, ಪೈಪು, ಸ್ಟಾರ್ಟರ್, ಮೀಟರು ಎಂದು ಅವಳು ಬರೆಯದ ವಸ್ತುವಿಲ್ಲ. ಮದುವೆಯ ಮಾತು ಒಂದೆರಡು ಸಲ ಬಂದು ಹೋಗಿತ್ತು. ಅಪ್ಪ ಕಲ್ಲೇಶಪ್ಪ ಭದ್ರಾ ಕಾಲುವೆಯ ಮೇಲೆ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದವರು. ಅವರು ಹಾಸಿಗೆ ಹಿಡಿದ ಮೇಲೆ ಮದುವೆಯ ಮಾತೂ ನಿಂತುಹೋಯಿತು. ಅಪ್ಪ ತೀರಿಕೊಂಡು ಕೆಲವು ವರ್ಷ ಕಳೆದಿದ್ದವು. ಬಸ್‌ ನಿಲ್ದಾಣದ ಹಿಂದಿನ ಬೀದಿಯ ಆ ಮನೆಯಲ್ಲಿ ಈಗ ಅವಳೊಬ್ಬಳೇ. ಅಪ್ಪನ ಮೊಬೈಲ್ ನಂಬರನ್ನು ಮಾತ್ರ ಅವಳು ಸಾಯಗೊಡಲಿಲ್ಲ. ಯಾರೂ ಕರೆ ಮಾಡದ ಆ ನಂಬರಿಗೆ ತಪ್ಪದೆ ರೀಚಾರ್ಜ್ ಮಾಡಿಸುತ್ತಿದ್ದಳು.

ಮಲ್ಲೇಶಪ್ಪ ಹುಟ್ಟಿದ್ದು ಆ ನಂಬರಿನಲ್ಲಿ.

ಅವರನ್ನು ರುದ್ರಾಣಿ ಅವಸರವಿಲ್ಲದೆ ಕಟ್ಟಿದಳು. ಊರು ಜಗಳೂರು ತಾಲೂಕು, ಬಿಳಿಚೋಡಿನ ಆಸುಪಾಸು. ವಯಸ್ಸು ಎಪ್ಪತ್ತು ದಾಟಿದ ನಿವೃತ್ತ ಎಂಜಿನಿಯರ್. ಸರ್ಕಾರಿ ನೌಕರಿ ಅಂದರೆ ಯಾವ ವಿಭಾಗ, ಯಾವ ಬ್ಯಾಚು ಎಂದು ಯಾರಾದರೂ ಕೇಳಿಯಾರು. ಅದಕ್ಕೆ ಅವರ ದುಡಿಮೆಯೆಲ್ಲ ಹೊರರಾಜ್ಯದ ಖಾಸಗಿ ಕಂಪನಿಗಳಲ್ಲಿ. ಈಗ ನಾಗಪುರದಲ್ಲಿ ಮಗಳು ದುರ್ಗಾಂಬಿಕಾಳ ಮನೆಯಲ್ಲಿದ್ದಾರೆ. ಕಿವಿ ಪೂರಾ ಹೋಗಿದೆ, ಆದ್ದರಿಂದ ಫೋನಿನಲ್ಲಿ ಮಾತಿಲ್ಲ, ಏನಿದ್ದರೂ ಬರಹ. ಫೋಟೊ ಇಲ್ಲ. ಅದರ ಜಾಗದಲ್ಲಿ ಒಂದು ತುಕ್ಕು ಹಿಡಿದ ತೂಬಿನ ಬಾಗಿಲು.

ಇನ್ನು ದನಿ. ಅದಕ್ಕಾಗಿ ಅವಳು ಹುಡುಕಬೇಕಾಗಲಿಲ್ಲ. ಬೈಯುವಾಗ ಒಂದಿಷ್ಟು ಹೆಚ್ಚಾಯಿತು ಅನ್ನಿಸಿದ ಕೂಡಲೇ "ಚಾ ಕುಡಿದಿಯಾ?" ಎಂದು ಕೇಳುವ ದನಿ, ಗಂಡಸರನ್ನು "ತಮ್ಮಾ" ಎಂದೂ ಹೆಣ್ಣುಮಕ್ಕಳನ್ನು "ಅವ್ವಾ" ಎಂದೂ ಕರೆಯುವ ಅಪ್ಪನ ದನಿ ಮನೆಯ ಗೋಡೆಗಳಲ್ಲೇ ಇತ್ತು. ಮೊದಲ ಸಲ ಆ ದನಿಯಲ್ಲಿ ಬರೆದದ್ದನ್ನು ರುದ್ರಾಣಿ ಅಳಿಸಿಹಾಕಿದಳು. ಎರಡನೆಯ ಸಲ ಹಿತವಾಯಿತು. ಆಮೇಲೆ ಅದು ದಿನದ ಅತ್ಯಂತ ಒಳ್ಳೆಯ ಹೊತ್ತಾಯಿತು.

ಎಂಜಿನಿಯರುಗಳು ಹೇಗೆ ಓದುತ್ತಾರೆ ಎನ್ನುವುದು ಅವಳಿಗೆ ಗೊತ್ತಿತ್ತು. ಅವರು ಚಿತ್ರ ನೋಡುವುದಿಲ್ಲ, ನೇರ ಕೋಷ್ಟಕಕ್ಕೆ ಹೋಗುತ್ತಾರೆ. "ಅತ್ಯುತ್ತಮ" ಎಂಬ ಪದ ಕಂಡರೆ ಹಾಳೆ ಮಡಚುತ್ತಾರೆ. ಹೊಗಳಿಕೆ ಎಂದರೆ ಅವರಿಗೆ ಅನುಮಾನ. ಅದೇ ವಸ್ತುವಿನ ಒಂದು ಕೊರತೆಯನ್ನು ಮಾರುವವನೇ ಒಪ್ಪಿಕೊಂಡರೆ, ಮಿಕ್ಕದ್ದೆಲ್ಲ ನಿಜವಿರಬೇಕು ಎಂದು ತಾವಾಗಿಯೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಆ ತೀರ್ಮಾನ ತಮ್ಮದೇ ಎಂದುಕೊಳ್ಳುವುದರಿಂದ ಅದನ್ನು ಬಿಟ್ಟುಕೊಡುವುದೂ ಇಲ್ಲ. ಅವರಿಗೆ ಏನನ್ನೂ ಮಾರಬಾರದು. ಅವರ ಕೆಲಸಕ್ಕೆ ಬರುವ ಒಂದು ಮಾತು ಹೇಳಿ, ಸುಮ್ಮನಿರಬೇಕು.

ಮಲ್ಲೇಶಪ್ಪನವರು ಹಾಗೆಯೇ ಮಾಡಿದರು. ಎರೆಮಣ್ಣಿನಲ್ಲಿ ಪೈಪು ಹೂಳುವಾಗ ಅಡಿಗೆ ಮರಳು ಏಕೆ ಹಾಸಬೇಕು, ಗುತ್ತಿಗೆದಾರ ಒತ್ತಡದ ಪರೀಕ್ಷೆಯಲ್ಲಿ ಎಲ್ಲಿ ಮೋಸ ಮಾಡುತ್ತಾನೆ, ಗೇಜಿನ ಮುಳ್ಳು ಸುಳ್ಳು ಹೇಳುತ್ತಿದೆ ಎಂದು ಹೇಗೆ ತಿಳಿಯಬೇಕು ಎಂದು ಪುಟ್ಟ ಪುಟ್ಟ ಟಿಪ್ಪಣಿಗಳನ್ನು ಬರೆದರು. ಎಲ್ಲೂ ಕಂಪನಿಯ ಹೆಸರಿಲ್ಲ. ಕಾಯುವ ತಾಳ್ಮೆ ರುದ್ರಾಣಿಗಿತ್ತು. ಟಿಪ್ಪಣಿಗಳು ಕೈಯಿಂದ ಕೈಗೆ ಹೋದವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಎಂಜಿನಿಯರುಗಳದ್ದೊಂದು ವಾಟ್ಸಾಪ್ ಗುಂಪಿತ್ತು. ಯಾರೋ ಅವರನ್ನೂ ಅದಕ್ಕೆ ಸೇರಿಸಿದರು. ಊಟ ಎಷ್ಟೊತ್ತಿಗೆ ಎಂದು ಕೇಳಿದ್ದ ಹಿರಿಯರೂ ಆ ಗುಂಪಿನಲ್ಲಿದ್ದರು. ಒಂದು ದಿನ ಅವರು ಬರೆದರು: "ಮಲ್ಲೇಶಪ್ಪನವರೇ, ನಿಮ್ಮಂಥವರು ಈಗ ಎಲ್ಲಿ ಸಿಗ್ತಾರ‍್ರಿ? ಏರ್ ವಾಲ್ವ್ ಬಗ್ಗೆ ಒಂಚೂರು ಹೇಳ್ರಿ." ಸಭಾಂಗಣದಲ್ಲಿ ಹೇಳಿದ್ದನ್ನೇ ರುದ್ರಾಣಿ ಅಕ್ಷರ ಬಿಡದೆ ಬರೆದು ಕಳಿಸಿದಳು. ಕೈಮುಗಿದ ಚಿಹ್ನೆಗಳು ಸಾಲಾಗಿ ಬಂದವು. ಅವಳು ಅವುಗಳನ್ನು ನೋಡುತ್ತ ಅತ್ತಳು. ಸಿಟ್ಟಿಗೋ ಸಂತೋಷಕ್ಕೋ ಅವಳಿಗೇ ತಿಳಿಯಲಿಲ್ಲ.

ಸಾಜಿದಾ ಮಲ್ಲೇಶಪ್ಪನವರಿಗೆ ಪ್ರತ್ಯೇಕವಾಗಿ ಬರೆಯತೊಡಗಿದ್ದು ಆ ಹೊತ್ತಿಗೆ. ನ್ಯಾಮತಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಕಿರಿಯ ಎಂಜಿನಿಯರ್. ಅವಳ ತಂದೆ ತ್ಯಾವಣಿಗೆಯ ಸಂತೆಯಲ್ಲಿ ಬಟ್ಟೆ ಮಾರುವವರು. ಮನೆತನದಲ್ಲಿ ಎಂಜಿನಿಯರಿಂಗ್ ಓದಿದವಳು ಅವಳೇ ಮೊದಲು. "ಸರ್, ಸೈಟಿನಾಗೆ ನಾನು ಹೇಳಿದ್ದನ್ನ ಗುತ್ತಿಗೆದಾರರು ಕೇಳಿಸಿಕೊಳ್ಳೋದೇ ಇಲ್ಲ. ಪಕ್ಕದಾಗಿರೋ ಡ್ರೈವರಿನ ಮುಖ ನೋಡ್ತಾರೆ" ಎಂದು ಬರೆದಿದ್ದಳು.

ರುದ್ರಾಣಿ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಮಲ್ಲೇಶಪ್ಪ ಉತ್ತರ ಕೊಟ್ಟರು: "ಬಾಯಿಲೆ ಹೇಳಬ್ಯಾಡವ್ವಾ. ಕೈಯಾಗೆ ಟೇಪು ಹಿಡಕಂಡು ನೀನೇ ಗುಂಡಿಗೆ ಇಳಿ. ಆಮೇಲೆ ಅವರು ಯಾರ ಮುಖ ನೋಡ್ತಾರೆ ನೋಡಾನ. ಚಾ ಕುಡಿದಿಯಾ?"

ಹಾಗೆ ಶುರುವಾದದ್ದು ದಿನದ ರೂಢಿಯಾಯಿತು. ಸಾಜಿದಾ ಸೈಟಿನ ಕಷ್ಟ ಹೇಳುತ್ತಿದ್ದಳು. ಮನೆಯಲ್ಲಿ ಗಂಡು ಹುಡುಕುತ್ತಿರುವುದನ್ನು ಹೇಳುತ್ತಿದ್ದಳು. ಪಂಪ್‌ಹೌಸಿನ ನೀರುಗಂಟಿ ನನ್ನೇಸಾಬ ಚಾಚಾ ತನಗೆಂದು ಮನೆಯಿಂದ ರೊಟ್ಟಿ ತಂದಿಟ್ಟಿದ್ದನ್ನೂ ಹೇಳುತ್ತಿದ್ದಳು. ಇದು ಮಾರಾಟದ ಕೆಲಸದ ಒಂದು ಭಾಗ ಎಂದು ರುದ್ರಾಣಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಸಂದೇಶ ಬರದ ದಿನ ಊಟ ರುಚಿಸುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಪಂಚಾಕ್ಷರಪ್ಪನವರ ಕಾರ್ಖಾನೆ ಹೊಸ ಏರ್ ವಾಲ್ವ್ ಹೊರತಂದಿತು. ಒಳಗೆ ಲೋಹದ ಚೆಂಡಿನ ಬದಲು ಪ್ಲಾಸ್ಟಿಕ್ಕಿನ ತೇಲುಬುರುಡೆ. ಬೆಲೆ ಕಡಿಮೆ, ತೂಕವೂ ಕಡಿಮೆ. ಜಾಹೀರಾತಿಗೆ ವಿವರ ತರಲು ಹೋದ ರುದ್ರಾಣಿಯನ್ನು, ಪರೀಕ್ಷೆಯ ಕೆಲಸ ಮಾಡುವ ಜಾವೀದ್ ಪಕ್ಕಕ್ಕೆ ಕರೆದ.

"ತಿಳಿನೀರಿಗೆ ಇದಕ್ಕೆ ಸಾಟಿ ಇಲ್ಲ ಮೇಡಂ. ರಾಡಿನೀರು ಬಿಟ್ರೆ ಬುರುಡೆ ಸಿಕ್ಕಾಕ್ಕೊಂತೈತೆ. ಮಣ್ಣು ಮೆತ್ತಿಕೊಂಡು ಮೇಲೇ ಕುಂತುಬಿಡ್ತೈತೆ."

"ಸಾಹೇಬ್ರಿಗೆ ಹೇಳಿದಿಯಾ?"

"ಹೇಳೀನಿ. ಮಳೆಗಾಲ ಕಳೀಲಿ, ಮುಂದಿನ ಸಲ ಸರಿ ಮಾಡಾನ ಅಂದ್ರು."

ಆಮೇಲೆ ಮಲ್ಲೇಶಪ್ಪನವರು ಮೊದಲ ಬಾರಿಗೆ ಒಂದು ಕಂಪನಿಯ ಹೆಸರು ಬರೆದರು. ನಾಗಪುರದ ಹತ್ತಿರ ಗೆಳೆಯರೊಬ್ಬರ ಸೈಟಿನಲ್ಲಿ ನಮ್ಮ ದಾವಣಗೆರೆ ಕಡೆಯ ವಾಲ್ವ್ ಕಂಡೆ, ಎಂದರು. ಜೊತೆಗೆ ಒಂದು ಕೊರತೆಯನ್ನು ಕಟುವಾಗಿಯೇ ಹೇಳಿದರು: ಬೋಲ್ಟುಗಳು ಕಳಪೆ, ಬೇಗ ತುಕ್ಕು ಹಿಡಿಯುತ್ತವೆ, ಬದಲಾಯಿಸಿಕೊಳ್ಳಿ. ಬೋಲ್ಟಿನ ಆ ತುಕ್ಕಿನ ಹಿಂದೆ ತೇಲುಬುರುಡೆ ಪೂರ್ತಿ ಮರೆಯಾಯಿತು. ತಾನು ಬರೆದದ್ದರಲ್ಲಿ ಇದೇ ಅತ್ಯುತ್ತಮ ಎಂದು ರುದ್ರಾಣಿಗೆ ಅನ್ನಿಸಿತು. ನೋಡುವುದಕ್ಕೆ ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಎಂಜಿನಿಯರುಗಳು ಬೋಲ್ಟಿನ ಬಗ್ಗೆ ಚರ್ಚೆ ಮಾಡಿ, ವಾಲ್ವ್ ತರಿಸಿಕೊಂಡರು.

ಒಬ್ಬಳು ಮಾತ್ರ ಕೇಳಬೇಕಾದ್ದನ್ನು ಕೇಳಿದಳು.

"ಸರ್, ಗೋವಿನಕೋವಿ ಆಚೆಯ ಒಂದು ಹಳ್ಳಿಗೆ ಹೊಳೆಯಿಂದ ನೀರು ಎತ್ತೋ ಕೆಲಸ ನಂದೇ. ಮಳೆಗಾಲದಾಗೆ ಹೊಳೆ ಕೆಂಪಗೆ ಬರ್ತೈತೆ. ಈ ವಾಲ್ವು ತಡೀತೈತಾ?"

ರುದ್ರಾಣಿ ಫೋನನ್ನು ಮೇಜಿನ ಮೇಲಿಟ್ಟು ಹಿತ್ತಲಿಗೆ ಹೋದಳು. ಒಗೆದ ಬಟ್ಟೆ ಹಿಂಡಿದಳು. ಹೇಳಿಬಿಡಬಹುದಿತ್ತು. ಸಾಜಿದಾ ಒಬ್ಬಳಿಗೆ ಹೇಳಿದರೆ ಅವಳು ಗುಂಪಿಗೆ ಹೇಳುತ್ತಾಳೆ. ಗುಂಪಿಗೆ ಹೇಳಿದರೆ ವಾಲ್ವ್ ಮುಗಿಯಿತು, ಬೆಂಗಳೂರಿನವರು ಬಂದರು, ಮಲ್ಲೇಶಪ್ಪನವರಿಗೆ ಕೆಲಸವಿಲ್ಲ. ಮುಂದಿನ ಸಲ ಸರಿ ಮಾಡುತ್ತಾರಂತೆ. ಹೊಳೆ ಕೆಂಪಗಿರುವುದು ವರ್ಷಕ್ಕೆ ಎಷ್ಟು ದಿನ? ಬಟ್ಟೆ ಹರವಿ ಒಳಗೆ ಬಂದಳು.

"ತಡೀತೈತವ್ವಾ. ನಾನೇ ಕಣ್ಣಾರೆ ನೋಡೀನಿ."

ಆ ಮಳೆಗಾಲದಲ್ಲಿ ಹೊಳೆ ತುಂಬಿ ಬಂತು. ಒಂದು ಮುಂಜಾನೆ ಕರೆಂಟು ಹೋಗಿ ಪಂಪು ನಿಂತಿತು. ಮತ್ತೆ ಚಾಲೂ ಮಾಡಿದಾಗ, ದಿಬ್ಬದ ಮೇಲಿನ ವಾಲ್ವ್ ಗಾಳಿಯನ್ನು ಹೊರಗೆ ಬಿಡಲಿಲ್ಲ. ಬುರುಡೆ ಸಿಕ್ಕಿಕೊಂಡಿತ್ತು. ಒಳಗೆ ಸಿಕ್ಕ ಗಾಳಿ ಪೈಪನ್ನು ಸೀಳಿತು. ವಾಲ್ವಿನ ಗುಂಡಿಯ ಮೇಲಿನ ಚಪ್ಪಡಿ ಎದ್ದು, ವಾಲ್ವ್ ನೋಡಲು ದಿಬ್ಬ ಹತ್ತಿಬಂದು ಪಕ್ಕದಲ್ಲೇ ನಿಂತಿದ್ದ ನೀರುಗಂಟಿ ನನ್ನೇಸಾಬನ ಎದೆಗೆ ಬಡಿಯಿತು. ಶಿವಮೊಗ್ಗಕ್ಕೆ ಒಯ್ಯುವ ದಾರಿಯಲ್ಲೇ ಅವನ ಪ್ರಾಣ ಹೋಯಿತು.

ಸುದ್ದಿ ಮೊದಲು ಗುಂಪಿಗೆ ಬಂತು, ಆಮೇಲೆ ಮಲ್ಲೇಶಪ್ಪನವರಿಗೆ. "ಸರ್, ಚಾಚಾ ಹೋಗಿಬಿಟ್ರು" ಎಂದಷ್ಟೇ ಬರೆದಿದ್ದಳು ಸಾಜಿದಾ. ವಾಲ್ವಿನ ಮಾತಿಲ್ಲ, ನೀವು ಹೇಳಿದ್ದಿರಲ್ಲ ಎಂಬ ಮಾತಿಲ್ಲ. ರುದ್ರಾಣಿ ಉತ್ತರ ಬರೆಯಲು ಕೂತಳು. ಅಪ್ಪನ ದನಿ ಬರಲಿಲ್ಲ.

ಪಂಚಾಕ್ಷರಪ್ಪ ನಿಶ್ಚಿಂತೆಯಿಂದಿದ್ದರು. "ಕರಪತ್ರದಾಗೆ ಕೆಳಗೆ ಸಣ್ಣಕ್ಷರದಾಗೆ ತಿಳಿನೀರಿಗೆ ಮಾತ್ರ ಅಂತ ಹಾಕೀವಲ್ಲ. ರಾಡಿನೀರಿಗೆ ಹಾಕಿದ್ದು ಆ ಹುಡುಗಿ ತಪ್ಪು. ಅಮಾನತ್ ಮಾಡ್ಯಾರಂತೆ, ಪೊಲೀಸ್ ಕೇಸೂ ಆಗೈತಂತೆ. ನಮಗೇನಿಲ್ಲ ಬಿಡು."

ಅವರಿಗೇನೂ ಇರಲಿಲ್ಲ. ರಾಡಿನೀರಿಗೂ ತಡೆಯುತ್ತದೆ ಎಂದು ಈ ಲೋಕದಲ್ಲಿ ಹೇಳಿದವರು ಒಬ್ಬರೇ, ಆ ಒಬ್ಬರು ಅಪ್ಪನ ನಂಬರಿನಲ್ಲಿದ್ದರು. ನಂಬರು ಕಲ್ಲೇಶಪ್ಪನವರ ಹೆಸರಿನಲ್ಲಿತ್ತು, ವಿಳಾಸ ಚನ್ನಗಿರಿಯ ಈ ಮನೆಯದು. ಹುಡುಕಿದರೆ ಸಿಗುತ್ತದೆ. ಆದರೆ ಹುಡುಕಬೇಕಾದರೆ ಯಾರಾದರೂ ಮಲ್ಲೇಶಪ್ಪನವರ ಹೆಸರು ಹೇಳಬೇಕು. ಹೇಳಬಲ್ಲವಳು ಸಾಜಿದಾ ಒಬ್ಬಳೇ.

ರುದ್ರಾಣಿ ಭಯಪಟ್ಟಳು, ಆಮೇಲೆ ಭಯವನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕಿದಳು. ಸಾಜಿದಾ ಇನ್ನೂ ಹೆಸರು ಹೇಳಿದಂತಿರಲಿಲ್ಲ. ಹೇಳಿದ್ದರೆ ಗುಂಪಿನಲ್ಲಿ ಗುಲ್ಲೆದ್ದಿರುತ್ತಿತ್ತು. ಬಹುಶಃ ವಿಚಾರಣೆ ಅಲ್ಲಿಗೆ ಮುಟ್ಟಿಲ್ಲ. ಮುಟ್ಟಿದಾಗ, ಕುತ್ತಿಗೆಗೆ ಬಂದಾಗ, ಯಾರಾದರೂ ಬದುಕಿರುವ ಇನ್ನೊಬ್ಬನ ಕಡೆ ಬೆರಳು ತೋರಿಸುತ್ತಾರೆ. ಬದುಕಿರುವವನನ್ನು ಕರೆಸಬಹುದು, ಎದುರು ನಿಲ್ಲಿಸಬಹುದು, ತಪ್ಪಿನಲ್ಲಿ ಪಾಲು ಕೊಡಬಹುದು. ಸತ್ತವನ ಕಡೆ ಬೆರಳು ತೋರಿಸಿ ಪ್ರಯೋಜನವೇನು? ಅವನು ಬರುವುದಿಲ್ಲ, ಒಪ್ಪಿಕೊಳ್ಳುವುದಿಲ್ಲ. ಅದೂ ಅಲ್ಲದೆ ಈ ಕಡೆಯ ಜನ ಸತ್ತವರ ಮೇಲೆ ತಪ್ಪು ಹೊರಿಸುವುದಿಲ್ಲ. ಹಾಗೆ ಮಾಡಿದವರನ್ನು ಕೀಳಾಗಿ ನೋಡುತ್ತಾರೆ. ಸಾಜಿದಾ ಅಂಥ ಹುಡುಗಿಯಲ್ಲ. ಮಲ್ಲೇಶಪ್ಪ ಸತ್ತರೆ ಅವಳ ಬಾಯಿ ತಾನಾಗಿ ಕಟ್ಟುತ್ತದೆ.

ಹುಟ್ಟಿಸಿದಷ್ಟೇ ಜತನದಿಂದ ರುದ್ರಾಣಿ ಅವರನ್ನು ಸಾಯಿಸಲು ಹೊರಟಳು. ಥಟ್ಟನೆ ಸತ್ತರೆ ಅನುಮಾನ. ನಕ್ಷೆಯ ಗೆರೆ ಒಮ್ಮೆಲೇ ಬಿದ್ದರೆ ಎಂಜಿನಿಯರುಗಳು ನಂಬುವುದಿಲ್ಲ, ಇಳಿಜಾರು ಬೇಕು. ಮೊದಲು ಮಲ್ಲೇಶಪ್ಪನವರಿಗೆ ಕೆಮ್ಮು ಶುರುವಾಯಿತು. ಆಮೇಲೆ ಟಿಪ್ಪಣಿಗಳು ಗಿಡ್ಡವಾದವು. ಒಂದೆರಡು ಕಡೆ ಅಕ್ಷರ ತಪ್ಪಿದವು. ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಅದೇ ನಂಬರಿನಿಂದ ಮಗಳು ದುರ್ಗಾಂಬಿಕಾ ಬರೆದಳು. ನಡುವೆ ಒಂದು ದಿನ ಚೇತರಿಸಿಕೊಂಡು, ಆಸ್ಪತ್ರೆಯ ನಲ್ಲಿ ಸೋರುತ್ತಿದೆ, ಯಾರೂ ನೋಡುವವರಿಲ್ಲ ಎಂದು ಅವರೇ ಬೈದರು. ಗುಂಪಿನಲ್ಲಿ ಎಲ್ಲರೂ ನಕ್ಕರು. ಆ ಚೇತರಿಕೆ ರುದ್ರಾಣಿಯ ಕೈಚಳಕ. ಅದಿಲ್ಲದೆ ಸಾವು ನಿಜವಾಗುತ್ತಿರಲಿಲ್ಲ.

ಸಾಜಿದಾ ದಿನವೂ ಕೇಳುತ್ತಿದ್ದಳು. "ಸರ್ ಹೆಂಗದಾರೆ ಅಕ್ಕಾ? ನಾನು ಅಲ್ಲಿಗೆ ಬರ್ಲಾ?"

"ಬರಬೇಡ ತಂಗಿ. ಐಸಿಯುದಾಗೆ ಯಾರನ್ನೂ ಬಿಡ್ತಿಲ್ಲ" ಎಂದು ದುರ್ಗಾಂಬಿಕಾ ಬರೆದಳು.

ಕಡೆಯ ಸಂದೇಶವನ್ನು ರುದ್ರಾಣಿ ಒಂದು ಇಡೀ ಮಧ್ಯಾಹ್ನ ಬರೆದಳು. ಉದ್ಗಾರವಿಲ್ಲ, ದೊಡ್ಡ ಮಾತಿಲ್ಲ. ನಂಬಿಕೆ ಹುಟ್ಟಲು ಒಂದು ಸಣ್ಣ ತಪ್ಪೊಪ್ಪಿಗೆ. "ಅಪ್ಪ ಮೊನ್ನೆ ಬೆಳಿಗ್ಗೆ ಹೋಗಿಬಿಟ್ಟರು. ತಿಳಿಸುವುದು ತಡವಾಯಿತು, ಕ್ಷಮಿಸಿ. ಇಲ್ಲಿಯೇ ಮಣ್ಣು ಮಾಡಿದೆವು. ಕೊನೆಯ ದಿನ ಕಾಲುವೆಗೆ ನೀರು ಬಿಟ್ಟರಾ ಎಂದು ಕೇಳುತ್ತಿದ್ದರು. ಬಿಟ್ಟರು ಅಂತ ಸುಳ್ಳು ಹೇಳಿದೆ."

ಕಾಲುವೆಯ ಆ ಮಾತು ಅವಳು ಕಟ್ಟಿದ್ದಲ್ಲ. ಪಕ್ಕದ ಕೋಣೆಯಲ್ಲಿ, ಅವಳ ಕೈಯಿಂದ ನೀರು ಕುಡಿಯುತ್ತ, ಕಲ್ಲೇಶಪ್ಪ ಕೇಳಿದ್ದ ಮಾತು. ಅವಳು ಹೇಳಿದ್ದ ಸುಳ್ಳು. ಸಂದೇಶ ಕಳಿಸಿದ ಮೇಲೆ ರುದ್ರಾಣಿ ಆ ಕೋಣೆಗೆ ಹೋಗಿ, ಖಾಲಿ ಮಂಚದ ಅಂಚಿನಲ್ಲಿ ಕೂತು, ಅಪ್ಪ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಳು. ಆ ದಿನ ಮಾಡುವ ಕೆಲಸ ಬಹಳ ಇತ್ತು. ಇವತ್ತು ಏನೂ ಇರಲಿಲ್ಲ.

ಗುಂಪು ತುಂಬಿ ಹರಿಯಿತು. ಹೊನ್ನಾಳಿಯವರು ಕಚೇರಿಯಲ್ಲಿ ಎದ್ದು ನಿಂತು ಮೌನ ಆಚರಿಸಿದರಂತೆ. ಊಟ ಎಷ್ಟೊತ್ತಿಗೆ ಎಂದಿದ್ದ ಹಿರಿಯರು, ನನಗೆ ಕೆಲಸ ಕಲಿಸಿದ ಗುರು ಹೋದರು ಎಂದು ಬರೆದರು. ಜಗಳೂರಿನ ಒಬ್ಬರು, ನಮ್ಮ ತಾಲೂಕಿನ ಮಣ್ಣಿಗೆ ಅವರ ಮಣ್ಣು ಸೇರಬೇಕಿತ್ತು ಎಂದರು. ಸಾಜಿದಾ ಏನೂ ಬರೆಯಲಿಲ್ಲ. ರುದ್ರಾಣಿ ಕಾದಳು. ಆ ಮೌನವೇ ತನಗೆ ಬೇಕಾಗಿದ್ದು ಎಂದುಕೊಂಡಳು. ಆದರೂ ಅದನ್ನು ಕಣ್ಣಾರೆ ನೋಡದೆ ನೆಮ್ಮದಿಯಿರಲಿಲ್ಲ. ಅದು ಅವಳು ತನಗೆ ಹೇಳಿಕೊಂಡ ಕಾರಣ. ನನ್ನೇಸಾಬನ ಹೆಂಡತಿಯ ಮುಖ ನೋಡಬೇಕು ಎಂಬುದು ಹೇಳಿಕೊಳ್ಳದ ಕಾರಣ.

ಒಂದು ದಿನ ಬಸ್ಸು ಹತ್ತಿದಳು. ಹೊನ್ನಾಳಿಯಲ್ಲಿ ಇಳಿದು ಸೇತುವೆಯ ಮೇಲೆ ನಡೆದುಹೋಗಿ, ಅಪ್ಪನ ನಂಬರಿನ ಸಿಮ್ಮನ್ನು ಎರಡು ತುಂಡು ಮಾಡಿ ಹೊಳೆಗೆ ಹಾಕಿದಳು. ನೀರು ಇನ್ನೂ ಕೆಂಪಗೇ ಇತ್ತು. ಕೈ ಮುಗಿಯಬೇಕು ಅನ್ನಿಸಿತು, ಮುಗಿದಳು. ಆಮೇಲೆ ನ್ಯಾಮತಿಯ ಬಸ್ಸು ಹಿಡಿದಳು.

ನನ್ನೇಸಾಬನ ಹೆಂಡತಿ ಹಜೀರಾಳ ಮನೆ ಒಂದು ಓಣಿಯ ಕೊನೆಯಲ್ಲಿತ್ತು. ಗಂಡ ಸತ್ತ ಮೇಲೆ ಪಾಲಿಸುವ ಇದ್ದತ್ತಿನ ದಿನಗಳಾದ್ದರಿಂದ ಅವಳು ಹೊರಗೆ ಬರುವ ಹಾಗಿರಲಿಲ್ಲ. ಬಾಗಿಲ ಪರದೆ ಸರಿಸಿ ಒಳಗೆ ಕರೆದಳು. ರುದ್ರಾಣಿ, ತಾನು ಚನ್ನಗಿರಿಯವಳು, ತನ್ನ ತಂದೆಯೂ ನೀರಿನ ಕೆಲಸದಲ್ಲೇ ಇದ್ದವರು, ಸುದ್ದಿ ಕೇಳಿ ಮನಸ್ಸು ತಡೆಯದೆ ಬಂದೆ ಎಂದಳು. ಎಲ್ಲವೂ ನಿಜವೇ. ಒಳಗೆ ಇನ್ನೊಬ್ಬಳು ಹುಡುಗಿ ಕೂತಿದ್ದಳು. ಸಣಕಲು ಮೈ, ನಿದ್ದೆಯಿಲ್ಲದ ಕಣ್ಣು. ಇವಳು ಸಾಜಿದಾ, ನಮ್ಮ ಎಂಜಿನಿಯರು ಎಂದು ಹಜೀರಾ ಹೇಳಿದಳು. ಅಷ್ಟು ದಿನ ಮಗಳಂತೆ ಮಾತಾಡಿಸಿದವಳ ಮುಖವನ್ನು ರುದ್ರಾಣಿ ಮೊದಲ ಸಲ ನೋಡಿದಳು.

"ಎಲ್ಲಾರೂ ಈ ಹುಡುಗೀನೇ ಬೈತಾರ‍್ರಿ," ಎಂದಳು ಹಜೀರಾ ಚಹಾ ಕೊಡುತ್ತ. "ನಮ್ಮನೆಯವರು ಈಕೆ ಮೇಲೆ ಜೀವಾನೇ ಇಟ್ಕೊಂಡಿದ್ರು. ಈಕೆ ಹೊತ್ತು ಹುಟ್ಟಿದ್ರೆ ಇಲ್ಲಿಗೆ ಬರ್ತಾಳೆ, ಅಳ್ತಾಳೆ. ಯಾರೋ ಹೇಳಿದ್ದಕ್ಕೆ ಹಾಕಿದ್ಲಂತೆ ಆ ವಾಲ್ವು. ಆದ್ರೆ ಇಷ್ಟು ದಿನ ಬಾಯೇ ಬಿಟ್ಟಿಲ್ಲ ನೋಡ್ರಿ."

"ಈಗ ಬಿಟ್ಯಾ?" ಎಂದು ಕೇಳಿದಳು ರುದ್ರಾಣಿ. ಕೇಳಿದ್ದು ತಾನೇ ಎಂದು ಅವಳಿಗೆ ಆಮೇಲೆ ತಿಳಿಯಿತು.

ಸಾಜಿದಾ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು, ತನಗೆ ತಾನೇ ಹೇಳಿಕೊಳ್ಳುವಂತೆ ಹೇಳಿದಳು: "ವಿಚಾರಣೆಯವರು ಎಷ್ಟು ಸಲ ಕೇಳಿದ್ರೂ ಯಾರೂ ಹೇಳಿಲ್ಲ, ನಾನೇ ಆರಿಸಿದ್ದು ಅಂದೆ ಅಕ್ಕಾ. ಕೆಲಸ ಹೋದ್ರೆ ಹೋಗ್ಲಿ, ಜೈಲಾದ್ರೆ ಆಗ್ಲಿ ಅಂದ್ಕೊಂಡಿದ್ದೆ. ಎಪ್ಪತ್ತು ದಾಟಿದ ಜೀವ, ಕಿವಿ ಬೇರೆ ಕೇಳಲ್ಲ. ಅಂಥವರನ್ನ ಈ ವಯಸ್ಸಿನಾಗೆ ಪೊಲೀಸ್ ಠಾಣೆ ಮೆಟ್ಲು ಹತ್ತಿಸ್ಲಾ? 'ಅವ್ವಾ' ಅಂತಿದ್ರು ನಂಗೆ. ಅವರು ಇರೋಗಂಟ ಅವರ ಹೆಸರು ನನ್ನ ಬಾಯಾಗೆ ಬರಾಕಿಲ್ಲ ಅಂತ ನಮಾಜಿನಾಗೆ ಕೂತು ಮಾತು ಕೊಟ್ಟಿದ್ದೆ." ರುದ್ರಾಣಿ ಎಲ್ಲ ಲೆಕ್ಕ ಹಾಕಿದ್ದಳು. ಈ ಹುಡುಗಿ ಸುಮ್ಮನಿದ್ದದ್ದು ಒಬ್ಬ ಮುದುಕ ಬದುಕಿದ್ದಾನೆ ಎಂಬ ಒಂದೇ ಕಾರಣಕ್ಕೆ ಎನ್ನುವುದು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಹೊರಗೆ ಓಣಿಯಲ್ಲಿ ಯಾರೋ ಕೊಡ ತುಂಬಿಸುತ್ತಿದ್ದರು. "ಈಗ ಅವರಿಗೆ ಯಾರೂ ಏನೂ ಮಾಡಾಕಾಗಲ್ಲ," ಎಂದು ಸಾಜಿದಾ ಕಣ್ಣೊರೆಸಿಕೊಂಡಳು. "ಅದಕ್ಕೇ ಇವತ್ತು ಬೆಳಿಗ್ಗೆ ಠಾಣೆಗೆ ಹೋಗಿ ಎಲ್ಲಾ ಹೇಳಿ, ನನ್ನ ಫೋನೂ ಕೊಟ್ಟುಬಂದೆ. ಆ ನಂಬರು ಯಾರ ಹೆಸರಿನಾಗೈತೆ, ಮನೆ ಎಲ್ಲೈತೆ ಅಂತ ತೆಗೀತಾರಂತೆ. ತೆಗೀಲಿ ಬಿಡ್ರಿ. ನನಗೂ ವಿಳಾಸ ಬೇಕಿತ್ತು. ಅವರ ಮಗಳು ಒಬ್ಬಾಕೆನೇ ಅದಾಳೆ ಪಾಪ. ಹೋಗಿ ಆಕೆ ಕೈ ಹಿಡ್ಕಂಡು ಒಂದ್ಸಲ ಅತ್ತುಬರ್ಬೇಕು ಅಕ್ಕಾ," ಎನ್ನುತ್ತ ಅವಳು, ಎದುರಿಗೆ ಕೂತಿದ್ದ ರುದ್ರಾಣಿಯ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.